ತೂಬಿನ ನಾಲಿಗೆ

ಹಿಮ ಕರಗಿ ಒಡ್ಡು ಕುಸಿದ ಕಡೆ
ರೆಜಿಸನ ಜೆಸಿಬಿ ಕೆಂಪು ಕೆಸರಿಗೆ ಬಾಯಿ ಹಾಕಿ
ಎಂಥದಕ್ಕೋ ತಾಗಿ ಠಕ್ಕೆಂದು ನಿಂತಿತು.
ಕಲ್ಲಲ್ಲ. ಈ ಗಜನಿಯಲ್ಲಿ ಕಲ್ಲೆಲ್ಲಿಯದು,
ಕಾಗೆಗೆಸೆಯಲು ಒಂದು ಹುಡುಕಿದರೂ ಸಿಗದು.

ಮರ. ಲಾರ್ಚಿನ ಇಡೀ ದಿಮ್ಮಿ,
ಹೊಟ್ಟೆ ಬಗೆದು ದೋಣಿಯ ಹಾಗೆ ಕೊರೆದದ್ದು.
ಒಳಗೆ ಗೂಟಕ್ಕೆ ಜೋತ ಒಂದು ಹಲಗೆ.
ಒನೆಸಿಮ್ ಮಂಡಿಯೂರಿ, ಉಗುರಲ್ಲಿ ಕೆಸರು ಕೆರೆದು,
ತಳ್ಳಿದ. ಕಡಲ ಕಡೆಗೆ ತೆರೆಯಿತು.
ಬಿಟ್ಟ. ಮುಚ್ಚಿಕೊಂಡಿತು.
ಇಷ್ಟೇ ಅದು ಕಲಿತ ವಿದ್ಯೆ:
ಹೊಲದ ಮಳೆನೀರು ಬಂದರೆ ಹೋಗಗೊಡು,
ಕಡಲು ಬಂದರೆ ಬಾಯಿ ಮುಚ್ಚು.

ಯಾರು ಕಡಿದದ್ದು?
ಹಡಗು ಬಂದು ಊರಿಗೂರೇ ತುಂಬಿಕೊಂಡು ಹೋಯಿತಲ್ಲ,
ಅದಕ್ಕೂ ಹಿಂದಿನದೋ,
ಕಾಡಲ್ಲಡಗಿ ತೊಗಟೆ ತಿಂದು ಉಳಿದವರು
ಮರಳಿ ಬಂದು ಹೂತದ್ದೋ?
ಇಲ್ಲಿ ಹೆಸರು ಕೇಳಿದರೆ ಹಗ್ಗ ಎಳೆದ ಹಾಗೆ.
ನಾನು ತಾದೆಯ ಕ್ಲೋವಿಸನ ಫಿಲಿಯಾಸನ ಎದಿತ್.
ಬರೀ ಬಾಸ್ತರಾಷ್ ಎಂದರೆ ಅಂಚೆಯವನು ನಗುತ್ತಾನೆ,
ಹದಿನಾಲ್ಕು ಮನೆಯಲ್ಲಿ ಒಂಬತ್ತು ಅದೇ.
ಆದರೆ ತಾದೆಯಿಂದಾಚೆ ಹಗ್ಗ ಬರುವುದಿಲ್ಲ,
ತುದಿ ಒದ್ದೆ, ಅಷ್ಟೇ.

"ನೋಡಿಲ್ಲಿ," ಎಂದ ಒನೆಸಿಮ್. ಬಾಚಿಯ ಏಟುಗಳೆಲ್ಲ
ಒಂದೇ ಕಡೆಗೆ ವಾಲಿದ್ದವು. ಎಡಚನ ಕೈ.
ನಾನು ಸುಮ್ಮನಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಫ್ಲಾವಿ
ಎರಡು ಚಳಿಗಾಲ ನನ್ನ ಎಡಗೈಯನ್ನು
ಉಣ್ಣೆಯ ಪಟ್ಟಿಯಲ್ಲಿ ಬೆಂಚಿಗೆ ಕಟ್ಟಿದ್ದಳು.
ಈಗಲೂ ಹಾಲು ಕರೆಯುವುದು ಆ ಕೈಯೇ.

ಮಧ್ಯಾಹ್ನದ ಹೊತ್ತಿಗೆ ಫೋನು. ಮ್ಯೂಸಿಯಮ್ಮಿನವರು.
ಮುಟ್ಟಬೇಡಿ, ಒಣಗಿದರೆ ಸೀಳುತ್ತದೆ,
ನಾಳೆ ವ್ಯಾನು ತರುತ್ತೇವೆ, ತೊಟ್ಟಿಯಲ್ಲಿಡುತ್ತೇವೆ,
ಆಮೇಲೆ ಗಾಜು, ದೀಪ, ಎರಡು ಭಾಷೆಯಲ್ಲಿ ಫಲಕ.
ನಾಳೆ! ಇವತ್ತು ಹುಣ್ಣಿಮೆ.
ತರಿಸಿದ ಪ್ಲಾಸ್ಟಿಕ್ ಕೊಳವೆ ಇನ್ನೂ ಬಂದಿಲ್ಲ,
ಒಡ್ಡಿನಲ್ಲಿ ಹಸುವೊಂದು ನುಗ್ಗುವಷ್ಟು ಬಾಯಿ.
ಒಂದು ರಾತ್ರಿಯ ಉಬ್ಬರ ಒಳಗೆ ಬಂದರೆ
ಉಪ್ಪಿಳಿಯಲು ಮೂರು ವರ್ಷದ ಮಳೆ ಬೇಕು.
ಅಲ್ಲಿಯವರೆಗೆ ದನಕ್ಕೆ ಫಲಕ ಹಾಕಲೇ?

ಒಣಗಿದರೆ ಸೀಳುತ್ತದೆ ಎಂದವರು ಅವರೇ.
ಒಣಗಗೊಡಲಿಲ್ಲ.
ರೆಜಿಸ್ ಎತ್ತಿದ, ಒನೆಸಿಮ್ ಕೂಗಿ ಕೂಗಿ ದಿಕ್ಕು ತೋರಿದ,
ದೊಮಿತಿಲ್ ಅಜ್ಜಿ ಕುರ್ಚಿ ತರಿಸಿ ಕೂತು
ಎಲ್ಲರನ್ನೂ ಬೈದಳು.
ಉಪ್ಪುಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕೊಯ್ದು
ಬೇರು ಬೇರಿಗೆ ಕೂರುವಂತೆ ಪೇರಿಸಿದೆವು.
ಮಕ್ಕಳು ಅರ್ಧ ಫ್ರೆಂಚು ಅರ್ಧ ಇಂಗ್ಲಿಷಿನಲ್ಲಿ
ಜಗಳವಾಡುತ್ತ ತುಳಿದು ತುಳಿದು ಗಟ್ಟಿ ಮಾಡಿದರು.
ಕತ್ತಲಾದ ಮೇಲೂ ಸೊಳ್ಳೆ ಇನ್ನೂ ಹುಟ್ಟಿರಲಿಲ್ಲ,
ಅದೊಂದು ಪುಣ್ಯ.

ರಾತ್ರಿ ಹನ್ನೊಂದೂವರೆಗೆ ನದಿ ಹಿಂದಕ್ಕೆ ಹರಿಯಿತು,
ದಿನವೂ ಹರಿಯುವ ಹಾಗೆಯೇ, ಚಾಕೊಲೇಟು ಬಣ್ಣದಲ್ಲಿ.
ಒಡ್ಡಿನ ಮೇಲೆ ಟಾರ್ಚು ಆರಿಸಿ ನಿಂತೆ.
ಕೆಳಗೆ, ಬೂಟಿನಡಿಯಲ್ಲಿ,
ಟಪ್.
ಅಷ್ಟೇ. ಬಾಗಿಲು ಹಾಕಿಕೊಂಡು
ಯಾರೋ ಮಲಗಿದ ಸದ್ದು.

ಬೆಳಿಗ್ಗೆ ವ್ಯಾನು ಬಂತು.
ಇಬ್ಬರು ಹುಡುಗರು, ಅಳತೆಪಟ್ಟಿ, ಹೊಸ ಬೂಟು.
ಎಲ್ಲಿ ಅಗೆದದ್ದು ಎಂದು ಕೇಳಿದರು.
ರೆಜಿಸ್ ತಲೆ ಕೆರೆದ. ಒನೆಸಿಮನಿಗೆ ಕಿವಿ ಮಂದ,
ಬೇಕಾದಾಗ.
ನಾನು ಒಳಗೆ ಕರೆದು ಕೂರಿಸಿ
ತುರಿದ ಆಲೂಗಡ್ಡೆಯ ಬೂದು ಉಂಡೆ
ಒಂದೊಂದು ತಟ್ಟೆಗಿಟ್ಟು ಕೇಳಿದೆ:
ಕಾಕಂಬಿ ಹಾಕಲೇ,
ಉಪ್ಪು ಸಾಕೇ?