ಬಾಕಿ

ಕುಂಬಳೆ ಪೇಟೆಯ ರೂಪಕಲಾ ಸ್ಟುಡಿಯೋದಲ್ಲಿ
ಮೂವತ್ತೆಂಟು ವರ್ಷ ನಾನು ಮಾಡಿದ್ದು ಒಂದೇ ಕಲೆ:
ಕಲೆ ತೆಗೆಯುವುದು.
ಸೀಸದ ಮೊನೆ ಚೂಪು ಮಾಡಿ ನೆಗೆಟಿವಿನ ಮೇಲೆ
ಸಿಡುಬಿನ ಕುಳಿ ಮುಚ್ಚಿದೆ, ಹುಬ್ಬಿನ ಗಾಯ ಮುಚ್ಚಿದೆ,
ದುಬಾಯಿಗೆ ಹೊರಟವರ ಕಣ್ಣಡಿಯ ನಿದ್ದೆಗೇಡನ್ನೂ ಮುಚ್ಚಿದೆ.
ಪಾಸ್‌ಪೋರ್ಟಿಗಾದರೆ ಎರಡೂ ಕಿವಿ ಕಾಣಬೇಕು,
ಮದುವೆಗೆ ಏನೂ ಕಾಣಬಾರದು.

ಈಗ ನೀಲೇಶ್ವರದ ಹುಡುಗಿ ಪ್ರಜಿಷಾ
ಲ್ಯಾಪ್‌ಟಾಪು ತೆರೆದು ಎದುರಿಟ್ಟಿದ್ದಾಳೆ.
ಸಾವಿರದ ನಾನೂರು ಪಟ, ಒಂದರಲ್ಲೂ ಮುಖವಿಲ್ಲ.
ಬೂದು ನೀರು, ನೀರಿನ ಮೇಲೆ ಬೆನ್ನಿನ ರೆಕ್ಕೆ.
"ಮಾಮಾ, ನಿಮ್ಮದು ಪಳಗಿದ ಕಣ್ಣು.
ಯಾವುದು ಯಾರು, ಹೇಳಿ."

ಶಿರಿಯ ಅಳಿವೆಯಿಂದ ಚಂದ್ರಗಿರಿಯ ಬಾಯಿಯವರೆಗೆ
ಅಂದುಂಞಿಯ ದೋಣಿಯಲ್ಲಿ ಕೂತು ತೆಗೆದ ಕಡಲಹಂದಿಗಳು.
ಡಾಲ್ಫಿನ್ ಅನ್ನುತ್ತಾಳೆ ಅವಳು, ನಂಬರು ಕೊಡುತ್ತಾಳೆ.
ಅಂದುಂಞಿ ಹೆಸರು ಕೊಡುತ್ತಾನೆ:
ಮುರುಕು ಬಾಚಣಿಗೆ. ಬೀಡಿ ಕಚ್ಚಿದವ.
ತಾಲೂಕಾಫೀಸು (ಯಾವಾಗ ಹೋದರೂ ಸಿಗುವುದಿಲ್ಲ, ಅದಕ್ಕೆ).

ನಾನು ಕಲೆ ಹುಡುಕುತ್ತೇನೆ.
ಮುಚ್ಚಿ ಮುಚ್ಚಿ ಸವೆದ ಕಣ್ಣಿಗೆ ಜಾಗ ಗೊತ್ತು:
ಬಲೆ ಕೊಯ್ದ ಕಚ್ಚು, ಇಂಜಿನ್ನಿನ ಪಂಖ ಹಾರಿಸಿದ ತುದಿ,
ತಮ್ಮವರೇ ಹಲ್ಲಿನಿಂದ ಗೀರಿದ ನಾಲ್ಕು ಗೆರೆ.
ಎಡಗಡೆ ಗೆರೆಯುಳ್ಳದ್ದು ಬಲಗಡೆಯಿಂದ ನುಣುಪು;
ಎಚ್ಚರ ತಪ್ಪಿದರೆ ಒಂದೇ ಪ್ರಾಣಿ ಎರಡಾಗುತ್ತದೆ.
ಇದೇನು ಹೊಸತಲ್ಲ ನನಗೆ.
ಮನೆಯಲ್ಲಿ ತುಳು, ಬೋರ್ಡಿನಲ್ಲಿ ಕನ್ನಡ,
ಸಾಲ ಕೇಳುವಾಗ ಮಲಯಾಳ.
ಜನಗಣತಿಯವನು ಯಾವ ಮಗ್ಗುಲಿಂದ ಬಂದನೋ
ಆ ಮಗ್ಗುಲನ್ನೇ ಬರೆದುಕೊಂಡು ಹೋದ.

ಲೆಕ್ಕ ಅವಳೇ ಕಲಿಸಿದಳು, ರಸ್ಕಿನ ಪೊಟ್ಟಣದ ಹಿಂದೆ:
ಮೊದಲ ಸಲ ಗುರುತು ಸಿಕ್ಕವು ಇಪ್ಪತ್ತಮೂರು.
ಎರಡನೆಯ ಸಲ ಹತ್ತೊಂಬತ್ತು. ಅದರಲ್ಲಿ ಹಳಬರು ಏಳು.
ಗುಣಿಸು, ಏಳರಿಂದ ಭಾಗಿಸು: ಅರವತ್ತೆರಡು.
ಶೇಷ ಮೂರು.
"ಅಂದರೆ ನಾವು ನೋಡದವೂ ಲೆಕ್ಕಕ್ಕೆ ಬಂದವೇ?"
"ಬರಬೇಕು ಮಾಮಾ. ಮತ್ತೆ ಸಿಕ್ಕವು ಎಷ್ಟು ಕಡಿಮೆಯೋ
ಸಿಗದವು ಅಷ್ಟು ಹೆಚ್ಚು."
"ನುಣುಪು ರೆಕ್ಕೆಯವು?"
"ಅವಕ್ಕೆ ಬೇರೆ ಲೆಕ್ಕ."
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಪಟದಲ್ಲಿ ಒಂದು ಮರಿ, ಅಮ್ಮನ ಪಕ್ಕದಲ್ಲೇ,
ಇನ್ನೂ ಏನೂ ತಗಲದ ಮೈ.
ಯಾರೆಂದು ಹೇಳಲು ನನ್ನ ಕೈಗೆ ಏನೂ ಸಿಗಲಿಲ್ಲ.

ರಾತ್ರಿ ಎಚ್ಚರವಾಯಿತು.
ಕೊಯಿಪಾಡಿ ಕಡಪ್ಪುರ. ವಾರಿಜಾಕ್ಷಿಯ ಮದುವೆ ಪಟ.
ಮರಳ ಮೇಲೆ ಹೆಣ್ಣು ಗಂಡು, ಹಿಂದೆ ತಿಳಿಗಡಲು,
ಗಂಡಿನ ಹೆಗಲ ಪಕ್ಕ ನೀರಲ್ಲಿ ಒಂದು ಕರಿ ಚುಕ್ಕೆ.
ಧೂಳೆಂದು ಸೀಸ ತೀಡಿ ಅಳಿಸಿದ್ದೆ.
ಜೊತೆಗೆ ಅವಳ ಗಲ್ಲದ ಗೆರೆಯನ್ನೂ,
ಚಿಕ್ಕಂದಿನಲ್ಲಿ ದೋಣಿಯ ಅಂಚು ಕೊಟ್ಟದ್ದು.
(ಅವಳು ಕೇಳಿರಲಿಲ್ಲ. ಅವಳ ಅತ್ತೆಯಾಗುವವರು ಕೇಳಿದ್ದರು.)

ಅಟ್ಟದಲ್ಲಿ ತಗಡಿನ ಡಬ್ಬಿ. ಗೆದ್ದಲು ಬಿಟ್ಟು ಉಳಿದ ಬಿಲ್ಲು ಪುಸ್ತಕ:
೧೯೯೧ ಮೇ ೧೨. ಮುಂಗಡ ಐವತ್ತು,
ಬಾಕಿ ನೂರ ಇಪ್ಪತ್ತೈದು.
ತಾರೀಕಿಲ್ಲದ್ದು ಬರೀ ಚಿತ್ರ ಮಾಮಾ, ಎಂದಿದ್ದಳು ಪ್ರಜಿಷಾ,
ತಾರೀಕಿದ್ದರೆ ಅದು ಸಾಕ್ಷಿ.

ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ, ನೆಗೆಟಿವನ್ನು ಬಲ್ಬಿಗೆ ಹಿಡಿದು
ನನ್ನದೇ ಕೈಗೆಲಸ ಒರೆಸತೊಡಗಿದೆ.
ಗಲ್ಲದ ಗೆರೆ ಮೊದಲು ಬಂತು, ಬೆಳ್ಳಗೆ,
ಮೂವತ್ತು ಚಿಲ್ಲರೆ ವರ್ಷ ಅಲ್ಲೇ ಕಾದಿದ್ದ ಹಾಗೆ.
ಹೆಗಲ ಪಕ್ಕದ ಸೀಸ ಮಾತ್ರ ಬಿಡಲೊಲ್ಲದು.
ಆಗ ಅಷ್ಟು ಚೆನ್ನಾಗಿ ತೀಡುತ್ತಿದ್ದೆ.

ಮೀನಿನ ಲಾರಿ ಪೇಟೆ ದಾಟಿತು.
ಇನ್ನೊಂದು ಹತ್ತಿ ತೆಗೆದುಕೊಂಡಿದ್ದೇನೆ.
ಬಿಲ್ಲು ಪುಸ್ತಕ ಅದೇ ಪುಟಕ್ಕೆ ತೆರೆದು ಬಿದ್ದಿದೆ.