ಹಿಮ ಬೀಳದ ರಾತ್ರಿಗಳು

ಡುಲೂತಿನಲ್ಲಿ ಹಿಮ ಬಿದ್ದರೆ ನನಗೆ ಫೋನು ಬರುತ್ತದೆ.
ಸರಿರಾತ್ರಿಯೋ ಬೆಳಗಿನ ಜಾವವೋ, ಅದಕ್ಕೆ ಹೊತ್ತುಗೊತ್ತಿಲ್ಲ.
ಹದಿನೆಂಟು ಟನ್ನಿನ ಲಾರಿ, ಮೂತಿಗೆ ಉಕ್ಕಿನ ಸಲಿಕೆ,
ಬೆಟ್ಟದ ಮೇಲಿಂದ ಸರೋವರದ ತನಕ
ರಸ್ತೆ ಕೆರೆಯುವುದು ನನ್ನ ನೌಕರಿ.
ಡ್ರಮ್ಮು ಬಾರಿಸುವುದು ಉಳಿದ ಹೊತ್ತಿನಲ್ಲಿ.
ಹಾಗಾಗಿ ನಮ್ಮ ನಾಲ್ಕನೆಯ ಆಲ್ಬಮ್ಮು
ಹಿಮ ಬೀಳದ ರಾತ್ರಿಗಳಲ್ಲಷ್ಟೇ ಆದದ್ದು.
ಮೂರು ಚಳಿಗಾಲ ತಿಂದಿತು.

ಸ್ಟುಡಿಯೋ ಅಂತ ಕರೆದದ್ದು ಬಂದರಿನ ಹಿಂದಿನ ಮೀನಿನ ಉಗ್ರಾಣವನ್ನು.
ಹೈಸ್ಕೂಲಿನವರು ಎಸೆದ ಕುಸ್ತಿಯ ಹಾಸುಗಳನ್ನು
ಗೋಡೆಗೆ ಹೊಡೆದೆವು.
ಒಲೆ ಕಾದಾಗ ಅವುಗಳಿಂದ ಹುಡುಗರ ಬೆವರು ಏಳುತ್ತಿತ್ತು,
ಬೆವರಿನಡಿಯಿಂದ ಮೀನು.
ಔನೆ ಕೋರ್ಪಿ ಶಾಲೆಯ ಅಡುಗೆಮನೆ ತೊಳೆದು ಬರುವಳು,
ಕೂದಲಲ್ಲಿ ಹುರಿದ ಆಲೂಗಡ್ಡೆಯ ವಾಸನೆ;
ಮೈಕಿನ ಮುಂದೆ ನಿಂತರೆ ಮಾತ್ರ
ವಸೂಲಿಗೆ ಬಂದವಳ ಹಾಗೆ ಬಾಯಿ ತೆರೆಯುವಳು.
ಮಾವಿಸ್ ಬೊಪ್ರೇಯ ಬೇಸ್ ಗಿಟಾರು
ಕೇಳಿಸುವುದಕ್ಕಿಂತ ಮೊದಲು
ಲೋಟದ ಕಾಫಿಯಲ್ಲಿ ಕಾಣಿಸುತ್ತಿತ್ತು.

ಶಿಕಾಗೋದಿಂದ ಒಬ್ಬ ಬಂದಿದ್ದ, ಕಂಪನಿಯವನು, ಒಳ್ಳೆಯ ಬೂಟು.
ಆರು ಹಾಡು ಕೇಳಿ, ಪಲ್ಲವಿ ಬೇಗ ಬರಲಿ ಅಂದ.
ಜನಕ್ಕೆ ಪುರುಸೊತ್ತಿಲ್ಲ ಅಂದ.
ತಂತಿ ಬದಲಿಸುತ್ತ ಕೂತಿದ್ದ ಲೈಲ್ ಹೌಗ್ಡಾಲ್
ತಲೆ ಎತ್ತದೆ ಹೇಳಿದ: ನಮಗಿದೆ.
ಅಷ್ಟೇ ಮಾತುಕತೆ.
ಮರುವಾರ ಲೈಲ್ ತನ್ನ ದೋಣಿ ಮಾರಿದ,
ಹದಿನಾಲ್ಕು ಅಡಿಯದು, ಮೋಟಾರಿನ ಸಮೇತ.
ಆ ದುಡ್ಡಿಗೆ ಮುನ್ನೂರು ರೆಕಾರ್ಡು ಅಚ್ಚಾಗುತ್ತವೆಂದು ಲೆಕ್ಕ.
ಬೇಸಿಗೆಯಲ್ಲಿ ಅವನು ದಡದ ಬಂಡೆಯ ಮೇಲೆ ನಿಂತು
ಗಾಳ ಹಾಕುತ್ತಿದ್ದುದನ್ನು ಕಂಡೆ,
ಕಾಣದವಳಂತೆ ದಾಟಿ ಹೋದೆ.

ಐದನೆಯ ಹಾಡಿನ ಸಂಗತಿ ಹೇಳಬೇಕು.
ಡಿಸೆಂಬರ್. ಔನೆಯ ದನಿ ಇನ್ನೇನು ಒಡೆಯುವ ಜಾಗಕ್ಕೆ ಬಂದಿತ್ತು,
ಆಗ ಅದಿರಿನ ಹಡಗೊಂದು ಸೇತುವೆಗೆ ಸಲಾಮು ಕೊಟ್ಟಿತು—
ಮೂರು ಉದ್ದ, ಎರಡು ಗಿಡ್ಡ.
ಕುಸ್ತಿಯ ಹಾಸುಗಳನ್ನೆಲ್ಲ ಚಿತ್ ಮಾಡಿ ಒಳಗೆ ಬಂತು.
ಹಾಳಾಯಿತು ಅಂದುಕೊಂಡೆವು.
ಮತ್ತೆ ಕೇಳಿದರೆ ಹಡಗು ಸರಿಯಿತ್ತು, ನಾವೇ ತಪ್ಪಿದ್ದೆವು.
ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯಿಲ್ಲ;
ಎರಡು ಮನೆಗಳ ನಡುವಿನ ಓಣಿಯಲ್ಲಿ ನಿಂತು ಕೂಗುತ್ತಿತ್ತು.
ಗಿಟಾರು, ಬೇಸು ಎಲ್ಲವನ್ನೂ ಅಲ್ಲಿಗೆ ಇಳಿಸಿದೆವು,
ಹಡಗನ್ನೇ ತಂಬೂರಿ ಮಾಡಿಕೊಂಡು ಶ್ರುತಿ ಸೇರಿಸಿದೆವು.
ನನ್ನ ಡ್ರಮ್ಮಿನ ಬಿಗಿಯನ್ನೂ ಸಡಿಲಿಸಿದೆ, ಕೂದಲೆಳೆಯಷ್ಟು.
ಆಮೇಲೆ ಸರೋವರ ಹೆಪ್ಪುಗಟ್ಟಿತು,
ಹಡಗು ಯಾವುದೋ ಕಟ್ಟೆಯಲ್ಲಿ ಮಲಗಿತು.
ಅದಕ್ಕೆ ನಾವು ಸಂಭಾವನೆ ಕೊಟ್ಟಿಲ್ಲ.

ನಿನ್ನೆ ಬಿಡುಗಡೆ. ಸುಪೀರಿಯರ್ ಬೀದಿಯ ಬಾರು,
ಬಾಗಿಲ ಬಳಿ ಆರು ಪೆಟ್ಟಿಗೆ ರೆಕಾರ್ಡು,
ಹೊದಿಕೆಯ ಮೇಲೆ ಮಾವಿಸಳ ಮಗಳು ಬರೆದ ಚಿತ್ರ:
ಹಡಗಿಗೆ ಕಿವಿಗಳಿವೆ.
ಏಳೂವರೆಗೆ ಫೋನು ಬಂತು.
ಹಿಂಜಿದ ಅರಳೆಯಂತೆ ಅಂತ ಹೇಳಲಾರೆ,
ಅಡ್ಡಡ್ಡ ಬೀಳುತ್ತಿತ್ತು, ಜಗಳಕ್ಕೆ ಬಂದಂತೆ.
ಕೋಲುಗಳನ್ನು ಔನೆಯ ಅಕ್ಕನ ಮಗ ತೋಯ್ವೋನ ಕೈಗಿಟ್ಟೆ.
ಹತ್ತೊಂಬತ್ತರ ಹುಡುಗ, ಆತುರದ ಮಣಿಕಟ್ಟು.
ಮೂರನೆಯದರಲ್ಲಿ ಓಡಬೇಡ ಅಂದೆ.
ತಲೆಯಾಡಿಸಿದ. ಓಡುತ್ತಾನೆ, ಗೊತ್ತು.

ಒಂಬತ್ತಕ್ಕೆ ಅದೇ ಬೀದಿ ನನ್ನ ಪಾಲಿಗೆ ಬಂತು.
ಬಾರಿನ ಮುಂದೆ ಸಲಿಕೆಯನ್ನು ಚೂರು ಎತ್ತಿದೆ,
ಉಕ್ಕಿನ ಕಿರುಚಾಟ ಒಳಗೆ ಹೋಗದಿರಲೆಂದು.
ಕಿಟಕಿ ಇಳಿಸಿದೆ.
ಗೋಡೆಯಾಚೆ ನನ್ನ ತಾಳ, ಬೇರೊಬ್ಬನ ಕೈಯಲ್ಲಿ,
ತುಸು ಅವಸರ, ಆದರೂ ಬಿದ್ದಿಲ್ಲ.
ಹಡಗು ಕೂಗುವ ಜಾಗ ಬಂತು.
ಬಾರಿನೊಳಗೆ ಹಡಗೆಲ್ಲಿ?
ಅಲ್ಲೊಂದು ಖಾಲಿ ಬಿಟ್ಟಿದ್ದರು, ಐದು ಉಸಿರಿನಷ್ಟು.

ಲಾರಿಯ ಹಾರನ್ನು ಆ ಶ್ರುತಿಗೆ ಕೂರುವುದಿಲ್ಲ, ಬಲ್ಲೆ.
ಆದರೂ ಒತ್ತಿದೆ.
ಮೂರು ಉದ್ದ.
ಎರಡು ಗಿಡ್ಡ.
ಒಳಗೆ ಯಾರೋ ನಕ್ಕರು, ಗಾಜು ಉರುಳಿತು,
ಔನೆ ಮುಂದಿನ ಸಾಲನ್ನು
ನನ್ನ ಅಪಸ್ವರದ ಮಟ್ಟಕ್ಕೇ ಇಳಿದು ಎತ್ತಿಕೊಂಡಳು.

ಸಲಿಕೆ ಇಳಿಸಿದೆ. ಇನ್ನೂ ಹನ್ನೊಂದು ಬೀದಿಗಳಿದ್ದವು.