ಮೊದಲು ಹರಿಯಬೇಕಾದ್ದು

ಶಿಡ್ಲಘಟ್ಟದಲ್ಲಿ ಇದ್ದುಕೊಂಡು ದಾರಕ್ಕೆ ಪರದಾಡೋದಾ
ಅಂತ ನಗುತ್ತಾರೆ. ನಗಲಿ.
ಸಂದಿಗೊಂದು ರಾಟೆ, ಚರಂಡಿಯಲ್ಲೂ ಗೂಡು ಬೇಯಿಸಿದ ನೀರು,
ಒಂದೊಂದು ಗೂಡಿನೊಳಗೆ ಅರ್ಧ ಮೈಲಿಯ ಎಳೆ,
ಎಲ್ಲ ನಿಜ.
ಬೊಂತೆಗೆ ಅದು ಆಗುವುದಿಲ್ಲ.

ಬೊಂತೆಯ ದಾರ ಬಾಸಿತ್ ಸಾಬರ ಅಂಗಡಿಯಲ್ಲಿ
ಗುಂಡಿ, ಜಿಪ್ಪು, ಫಾಲ್ಸುಗಳ ಹಿಂದೆ
ಸಕ್ಕರೆ ಚೀಲದಲ್ಲಿ ಬಿದ್ದಿರುತ್ತದೆ.
'ನಲವತ್ತಕ್ಕೊಂದು. ಇದಾದರೆ ನೂರಕ್ಕೆ ನಾಲ್ಕು.'
ಆ ನಾಲ್ಕರ ಬಲೆಗೆ ನಾನು ಎರಡು ಸಲ ಬಿದ್ದವಳು.
ಒಂದು ಸಲ, ಮಿಷಿನ್ನಿನ ಹೊಟ್ಟೆ ಬಿಚ್ಚಿದರೆ
ಒಳಗೆ ಬೆಕ್ಕು ಮಲಗೆದ್ದ ಹಾಗೆ ಜೂಲು.
ಇನ್ನೊಂದು ಸಲ, ಹತ್ತು ಮಾರಿಗೊಂದು ಗಂಟು,
ಗಂಟಿಗೊಮ್ಮೆ ಕಡಿತ,
ಕಡಿದಾಗೆಲ್ಲ ಎಂಜಲು ಹಚ್ಚಿ ಸೂಜಿಗಣ್ಣು ಹುಡುಕಾಟ.
ಉಳಿದದ್ದು ಹದಿನೈದು ರೂಪಾಯಿ.
ಹೋದದ್ದು ಎರಡು ರಾತ್ರಿ.

ಈಗ ತುದಿ ಎಳೆದು ಬಿಸಿಲಿಗೆ ಹಿಡಿಯುತ್ತೇನೆ.
ಮೀಸೆ ಬಂದ ದಾರ ಬೇಡ.
ಎರಡೂ ಕೈಗೆ ಸುತ್ತಿ ಜಗ್ಗುತ್ತೇನೆ.
ಪಟ್ಟನೆ ಹರಿದರೆ ಬೇಡ,
ಹರಿಯದೆ ಬೆರಳು ಕೊಯ್ದರೆ ಅದೂ ಬೇಡ.
ಸಾಬರು ಬೀಡಿ ಹಚ್ಚುವಾಗ ಒಂದೆಳೆ ಒಡ್ಡುತ್ತೇನೆ:
ಬೂದಿಯಾದರೆ ಹತ್ತಿ, ಕರಗಿ ಮಣಿಯಾದರೆ ಪಾಲಿಯೆಸ್ಟರು.
'ಏನಮ್ಮಾ, ದಾರ ತಗೊಳ್ತೀಯೋ, ಅದರ ತಿಥಿ ಮಾಡ್ತೀಯೋ?'

ಬಣ್ಣ? ಬೊಂತೆಗೆ ನಲವತ್ತು ಬಣ್ಣ.
ನಲವತ್ತು ರೀಲು ಕೊಂಡರೆ ಮನೆ ಮಾರಬೇಕು.
ಬೂದಿ ಬಣ್ಣದ್ದೊಂದು ಸಾಕು,
ಎಲ್ಲರ ಮನೆಗೂ ಹೋಗಿ
ಯಾರ ಜಗಳಕ್ಕೂ ಸಿಗದೆ ಬರುವ ಹೆಂಗಸಿನ ಹಾಗೆ
ಕೆಂಪಿನಲ್ಲೂ ಕಾಣದು, ಹಸಿರಿನಲ್ಲೂ ಕಾಣದು.

ಪಿಳ್ಳಮ್ಮತ್ತೆ ಮಿಷಿನ್ನು ಮುಟ್ಟಿದವಳಲ್ಲ.
'ದಾರ ಬಟ್ಟೆಗಿಂತ ಬಡವಾಗಿರಬೇಕು ಕಣೆ' ಅನ್ನುತ್ತಿದ್ದಳು.
ಬಡತನದ ಬುದ್ಧಿ ಅಂದುಕೊಂಡಿದ್ದೆ.
ಆಮೇಲೆ ಒಮ್ಮೆ, ಚೀಲ ಹೊಲಿಯುವ ದಪ್ಪ ದಾರದಲ್ಲಿ
ನಮ್ಮಮ್ಮನ ಹಳೇ ಸೀರೆಗಳನ್ನು ಜೋಡಿಸಿದೆ.
ಮೂರು ಒಗೆತಕ್ಕೆ ದಾರ ಹಾಗೇ ತಂತಿಯಂತೆ ನಿಂತಿತ್ತು.
ಸೀರೆ ಮಾತ್ರ ಹೊಲಿಗೆಯುದ್ದಕ್ಕೂ
ಅಂಚೆಚೀಟಿ ಕಿತ್ತ ಹಾಗೆ ಬಿಟ್ಟುಕೊಂಡಿತ್ತು.
ಬಿಟ್ಟ ಹೊಲಿಗೆ ಹಾಕಬಹುದು.
ಹರಿದ ಸೀರೆಗೆ ಅಮ್ಮನನ್ನು ಎಲ್ಲಿಂದ ತರಲಿ?

ಹೋದ ವರ್ಷ ಪರ್ವೀನ್ ತಾಜ್ ಬಂದಳು,
ಗಂಡನ ಲುಂಗಿಗಳು, ಏಳು.
ಯಾಕೆಂದು ಕೇಳಲಿಲ್ಲ.
ಏಳನ್ನೂ ಒಂದೇ ದಿನ ತಂದರೆ ಕೇಳುವುದಿಲ್ಲ.
ರಾಟೆಯ ಮುಂದೆ ಕೂತೂ ಕೂತೂ ಕಲೆಗಟ್ಟಿದ ಚೌಕಳಿ,
ಎಷ್ಟು ನೆನೆಸಿದರೂ ಬಿಡದ ಹುಳದ ವಾಸನೆ.
ಬೂದಿ ಹತ್ತಿದಾರದಲ್ಲಿ ಹೊಲಿದುಕೊಟ್ಟೆ.

ಮೊನ್ನೆ ಬೊಂತೆ ತಂದು ಮಿಷಿನ್ನಿನ ಮೇಲೆ ಎಸೆದಳು.
'ನಿನ್ನ ದಾರ ಹರೀತು.'
ಮೂಲೆಯಲ್ಲಿ ಒಂದು ಗೇಣು ಬಾಯಿ ಬಿಟ್ಟಿತ್ತು.
'ನೋಡು, ಲುಂಗಿ ಒಂದೆಳೆಯೂ ಹೋಗಿಲ್ಲ,
ದಾರ ತಾನು ಹೋಗಿ ಅದನ್ನು ಉಳಿಸಿದೆ' ಅಂದೆ.
ಪಿಳ್ಳಮ್ಮತ್ತೆಯ ಮಾತನ್ನೂ ಹೇಳಿದೆ.
'ಅದೆಲ್ಲ ನಂಗೊತ್ತಿಲ್ಲ. ದುಡ್ಡು ಕೊಟ್ಟಿದೀನಿ.'
ಅದೂ ಸರಿಯೇ.

ಬಾಬಿನ್ ತುಂಬಿಸಿ, ಬಟ್ಟೆ ಪಾದದಡಿಗೆ ಇಟ್ಟೆ.
'ತಡಿ' ಅಂದಳು.
ಬಗ್ಗಿ ಆ ಗೇಣುದ್ದದ ಬಾಯಿಗೆ ಮೂಗಿಟ್ಟಳು,
ಒಗೆತ, ಸೋಪು ಯಾವುದೂ ತಲುಪದ ಒಳಮಡಿಕೆಗೆ.
ರಸ್ತೆಯಲ್ಲಿ ಚಿಂತಾಮಣಿ ಬಸ್ಸು ಹೋಯಿತು.
ಇನ್ನೊಂದೂ ಹೋಯಿತು.

'ಹೂಂ, ಹೊಲಿ.'

ನಾನು ಮಾರು ಮೊಳ ಅಳೆದು ಲೆಕ್ಕ ಬರೆಯುವವಳು.
ಆ ಗೇಣಿಗೆ ಎಷ್ಟು ಹೋಯಿತೋ ಬರೆದಿಲ್ಲ.
ಕೊನೆಯಲ್ಲಿ ಮಾತ್ರ, ಅವಳು ನೋಡದ ಹಾಗೆ,
ಒಂದು ಹೊಲಿಗೆ ಸಡಿಲ ಬಿಟ್ಟೆ.